ಬೀಳುವ ಷೇರನ್ನು ಸೋಸಿ ತೆಗೆದವನು: ಜೆಸ್ಸಿ ಲಿವರ್‌ಮೋರ್

ಷೇರುಪೇಟೆ ಏರುವಾಗ ಹಣ ಮಾಡಿದವರ ಕಥೆಗಳಿಗೆ ಬರವಿಲ್ಲ. ಪೇಟೆ ಕುಸಿಯುವಾಗಲೇ ಕೋಟಿಗಟ್ಟಲೆ ಬಾಚಿಕೊಂಡು, ಮತ್ತೆ ಮತ್ತೆ ಬರಿಗೈಯಾದವನು ಅಮೆರಿಕದ ಜೆಸ್ಸಿ ಲಿವರ್‌ಮೋರ್. ಸರಾಸರಿ ಬೆಲೆಗಿಂತ ಕೆಳಗೆ ಜಾರಿದ, ಹಳೆಯ ತಳವನ್ನು ಒಡೆದ ಷೇರುಗಳ ಪಟ್ಟಿಯನ್ನು ಇಂದಿನ ದಿನವಹಿವಾಟುದಾರರಿಗೆ ಕಂಪ್ಯೂಟರ್ ಕ್ಷಣಾರ್ಧದಲ್ಲಿ ಒದಗಿಸುತ್ತದೆ. ಅಂಥದೊಂದು ಜರಡಿಯನ್ನು ಲಿವರ್‌ಮೋರ್ ಪೆನ್ಸಿಲ್ ಹಿಡಿದು ಕೈಯಾರೆ ಹೆಣೆದುಕೊಂಡಿದ್ದ.

1877ರ ಜುಲೈ 26ರಂದು ಮ್ಯಾಸಚೂಸೆಟ್ಸ್‌ನ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಹುಡುಗ, ಹೊಲದ ಕೆಲಸ ಒಲ್ಲದೆ ತಾಯಿ ಕೊಟ್ಟ ಪುಡಿಗಾಸಿನೊಂದಿಗೆ ಬಾಸ್ಟನ್ ನಗರ ಸೇರಿದ. ದಲ್ಲಾಳಿ ಸಂಸ್ಥೆಯಲ್ಲಿ ಬೆಲೆಗಳನ್ನು ಹಲಗೆಯ ಮೇಲೆ ಬರೆಯುವ ಕೆಲಸ ಸಿಕ್ಕಿತು. ಬರೆಯುತ್ತಾ ಹೋದಂತೆ, ದೊಡ್ಡ ಏರಿಳಿತಕ್ಕೆ ಮುನ್ನ ಬೆಲೆಗಳು ಒಂದು ಬಗೆಯ ನಡಿಗೆ ತೋರುವುದು ಹುಡುಗನ ಕಣ್ಣಿಗೆ ಬಿತ್ತು. ಅದನ್ನು ಚಿಕ್ಕ ಪುಸ್ತಕದಲ್ಲಿ ಗುರುತು ಮಾಡಿಕೊಂಡು, ಬೆಲೆಯ ಮೇಲೆ ಪಂಥ ಕಟ್ಟಿಸಿಕೊಳ್ಳುವ ‘ಬಕೆಟ್ ಶಾಪ್’ ಎಂಬ ಅಡ್ಡೆಗಳಲ್ಲಿ ಪರೀಕ್ಷಿಸತೊಡಗಿದ. ಗೆಲುವು ಹೆಚ್ಚಿದಾಗ ಅಡ್ಡೆಗಳವರು ಅವನನ್ನು ಒಳಗೆ ಬಿಡದಾದರು.

ನ್ಯೂಯಾರ್ಕ್‌ನಲ್ಲಿ ಆಟ ಬೇರೆಯಾಗಿತ್ತು. 1901ರ ಮೇ 9ರಂದು ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಒಡೆತನಕ್ಕಾಗಿ ನಡೆದ ಕಾಳಗದಿಂದ ಪೇಟೆ ಅಲ್ಲೋಲಕಲ್ಲೋಲವಾಯಿತು. ಬೆಲೆಗಳು ಕುಸಿಯುವವೆಂಬ ಲಿವರ್‌ಮೋರ್‌ನ ಅಂದಾಜು ಸರಿಯಾಗಿಯೇ ಇತ್ತು. ಆದರೆ ಬೆಲೆ ಮುದ್ರಿಸುವ ಟೇಪು ಪೇಟೆಗಿಂತ ಬಹಳ ಹಿಂದೆ ಬಿದ್ದಿತ್ತು. ಆತ ಕಂಡ ಬೆಲೆಯೇ ಬೇರೆ, ವ್ಯವಹಾರ ಕುದುರಿದ ಬೆಲೆಯೇ ಬೇರೆ. ಇದ್ದದ್ದೆಲ್ಲ ಕರಗಿತು.

ಆತನ ವಿಧಾನವನ್ನು ತುಸು ವಿವರವಾಗಿ ನೋಡಬೇಕು. ಶಾರ್ಟ್ ಸೆಲ್ಲಿಂಗ್ ಎಂದರೆ ಷೇರನ್ನು ಎರವಲು ತಂದು ಇಂದಿನ ಬೆಲೆಗೆ ಮಾರಿ, ಬೆಲೆ ಇಳಿದ ಮೇಲೆ ಕೊಂಡು ಹಿಂತಿರುಗಿಸುವುದು. ಕೊಂಡವನ ನಷ್ಟ ಕೊಟ್ಟ ಬೆಲೆಗೇ ಮುಗಿಯುತ್ತದೆ. ಹೀಗೆ ಮಾರಿದವನ ನಷ್ಟಕ್ಕೆ ಮಿತಿಯೇ ಇಲ್ಲ. ಆದ್ದರಿಂದ ಯಾವ ಷೇರು, ಯಾವಾಗ ಎಂಬುದೇ ಮುಖ್ಯ. ಲಿವರ್‌ಮೋರ್ ಪ್ರತಿ ಷೇರಿಗೂ ಆರು ಅಂಕಣಗಳನ್ನು ಎಳೆಯುತ್ತಿದ್ದ. ಏರುಮುಖದ ಬೆಲೆಗಳಿಗೆ ಕಪ್ಪು ಶಾಯಿ, ಇಳಿಮುಖದವಕ್ಕೆ ಕೆಂಪು ಶಾಯಿ, ಉಳಿದ ನಾಲ್ಕು ಅಂಕಣಗಳಿಗೆ ಪೆನ್ಸಿಲ್. 30 ಡಾಲರ್‌ಗಿಂತ ಮೇಲಿನ ಷೇರು ಸುಮಾರು 6 ಅಂಶಗಳಷ್ಟು ಹಿಂದುಮುಂದಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತಿತ್ತು. ಉಳಿದದ್ದು ಗದ್ದಲವೆಂದು ಬಿಟ್ಟುಬಿಡುತ್ತಿದ್ದ. ಬಿದ್ದ ಷೇರು ಕೊಂಚ ಚೇತರಿಸಿಕೊಂಡು, ಮತ್ತೆ ಹಳೆಯ ತಳಕ್ಕಿಂತ 3 ಅಂಶ ಕೆಳಗಿಳಿದರೆ ಕುಸಿತ ಮುಂದುವರಿದಿದೆ ಎಂದರ್ಥ. ಒಂದೇ ಷೇರನ್ನು ನಂಬುತ್ತಿರಲಿಲ್ಲ, ಯು.ಎಸ್. ಸ್ಟೀಲ್ ಜತೆಗೆ ಬೆತ್ಲೆಹೆಮ್ ಸ್ಟೀಲ್ ಎಂಬಂತೆ ಒಂದೇ ಉದ್ಯಮದ ಎರಡು ಷೇರುಗಳು ಒಟ್ಟಿಗೆ ಅದೇ ಸೂಚನೆ ಕೊಡಬೇಕಿತ್ತು. ಆಗಲೂ ಮೊದಲು ಸ್ವಲ್ಪ ಮಾತ್ರ ಮಾರಿ, ಲಾಭ ಕಂಡರಷ್ಟೇ ಇನ್ನಷ್ಟು ಮಾರುವುದು. ಇಂದಿನ ತಂತ್ರಾಂಶಗಳ ಸೋಸುವಿಕೆ ಇದಕ್ಕಿಂತ ವೇಗವಾದೀತು, ಆದರೆ ಕೇಳುವ ಪ್ರಶ್ನೆ ಬಹುಮಟ್ಟಿಗೆ ಇದೇ.

1906ರಲ್ಲಿ ರಜೆಯಲ್ಲಿದ್ದಾಗ ಕಾರಣ ಹೇಳಲಾಗದೆಯೇ ಯೂನಿಯನ್ ಪೆಸಿಫಿಕ್ ಷೇರುಗಳನ್ನು ಶಾರ್ಟ್ ಮಾಡಿದ. ಏಪ್ರಿಲ್ 18ರಂದು ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪ ಸಂಭವಿಸಿತು. ಲಾಭ ಎರಡೂವರೆ ಲಕ್ಷ ಡಾಲರ್. ಇದು ಜರಡಿಯ ಗೆಲುವಲ್ಲ, ಅದೃಷ್ಟದ್ದೆನ್ನಬೇಕು. 1907ರ ಆರ್ಥಿಕ ತಲ್ಲಣದಲ್ಲಿ ಮಾತ್ರ ಲೆಕ್ಕಾಚಾರ ಫಲಿಸಿತು: ಅಕ್ಟೋಬರ್ 24ರ ಒಂದೇ ದಿನ ಸುಮಾರು 10 ಲಕ್ಷ ಡಾಲರ್ ಗಳಿಕೆ. ಇನ್ನು ಮಾರಬೇಡವೆಂದು ಬ್ಯಾಂಕರ್ ಜೆ.ಪಿ. ಮಾರ್ಗನ್ ಕಡೆಯಿಂದ ಕೋರಿಕೆ ಬಂತೆಂದೂ, ಆತ ಒಪ್ಪಿ ಕೊಳ್ಳತೊಡಗಿದನೆಂದೂ ಹೇಳಲಾಗುತ್ತದೆ.

ಮರುವರ್ಷವೇ ಹತ್ತಿ ವ್ಯಾಪಾರಿಯೊಬ್ಬನ ಮಾತಿಗೆ ಮರುಳಾಗಿ, ಲಾಭದಲ್ಲಿದ್ದ ಗೋಧಿಯನ್ನು ಮಾರಿ, ನಷ್ಟದಲ್ಲಿದ್ದ ಹತ್ತಿಯನ್ನು ಇನ್ನಷ್ಟು ಕೊಂಡ. ತಾನೇ ಬರೆದುಕೊಂಡ ನಿಯಮಕ್ಕೆ ನೇರ ವಿರುದ್ಧ. 1915ರಲ್ಲಿ ದಿವಾಳಿಯಾದ. ಯುದ್ಧಕಾಲದಲ್ಲಿ ಚೇತರಿಸಿಕೊಂಡು, ಕಾನೂನಿನ ಒತ್ತಾಯವಿಲ್ಲದಿದ್ದರೂ ಸಾಲಗಾರರಿಗೆಲ್ಲ ಹಣ ತೀರಿಸಿದ್ದು ಆತನ ಬಗ್ಗೆ ಗೌರವ ಹುಟ್ಟಿಸುವ ಸಂಗತಿ. 1923ರಲ್ಲಿ ಎಡ್ವಿನ್ ಲೆಫೆವ್ರ್ ಬರೆದ ಪ್ರಸಿದ್ಧ ಕೃತಿಯ ನಾಯಕನಿಗೆ ಮಾದರಿ ಈತನೇ.

1929ರ ಮಹಾಕುಸಿತದಲ್ಲಿ ಆತ ಸುಮಾರು 10 ಕೋಟಿ ಡಾಲರ್ ಗಳಿಸಿದನೆಂಬುದು ಪ್ರತೀತಿ. ದೇಶವೇ ಬೀಳುತ್ತಿದ್ದಾಗ ಬೀಳಿಸಿದವನು ಇವನೇ ಎಂದು ಜನ ಶಪಿಸಿದರು, ಬೆದರಿಕೆಗಳೂ ಬಂದವು. ಆ ಆರೋಪ ಅತಿಯಾಯಿತೆನ್ನಬೇಕು. ಅಷ್ಟು ದೊಡ್ಡ ಪೇಟೆಯನ್ನು ಒಬ್ಬನೇ ನೆಲಕ್ಕೆ ಕೆಡಹುವುದು ಆಗದ ಮಾತು.

ಐದೇ ವರ್ಷಗಳಲ್ಲಿ ಆ ಸಂಪತ್ತೆಲ್ಲ ಹೋಯಿತು. 1934ರ ಮಾರ್ಚ್‌ನಲ್ಲಿ ಮತ್ತೆ ದಿವಾಳಿ ಅರ್ಜಿ ಸಲ್ಲಿಸಿದಾಗ ಸಾಲ 20 ಲಕ್ಷ ಡಾಲರ್‌ಗೂ ಮೀರಿತ್ತು. ಮದುವೆಗಳು ಮುರಿದವು, ಖಿನ್ನತೆ ಬಿಡಲಿಲ್ಲ. ಬೆಲೆ ಇಳಿಯುತ್ತಿರುವಾಗ ಶಾರ್ಟ್ ಮಾಡದಂತೆ 1938ರಲ್ಲಿ ಹೊಸ ನಿಯಮ ಬಂದು, ಆತನ ಹಳೆಯ ದಾರಿಯೂ ಇಕ್ಕಟ್ಟಾಯಿತು. (2007ರಲ್ಲಿ ಆ ನಿಯಮ ರದ್ದಾಯಿತು.)

ಆರು ಅಂಕಣಗಳ ಗುಟ್ಟನ್ನು ಆತ ಪುಸ್ತಕವಾಗಿ ಹೊರತಂದದ್ದು 1940ರ ಮಾರ್ಚ್‌ನಲ್ಲಿ. ಹೆಚ್ಚು ಮಾರಾಟವಾಗಲಿಲ್ಲ. ಅದೇ ವರ್ಷ ನವೆಂಬರ್ 28ರಂದು ನ್ಯೂಯಾರ್ಕ್‌ನ ಷೆರಿ ನೆದರ್‌ಲ್ಯಾಂಡ್ ಹೋಟೆಲಿನಲ್ಲಿ, 63ನೇ ವಯಸ್ಸಿನಲ್ಲಿ, ಆತ ತನ್ನ ಬದುಕನ್ನು ತಾನೇ ಮುಗಿಸಿಕೊಂಡ. ಪುಸ್ತಕ ಈಗಲೂ ಮರುಮುದ್ರಣವಾಗುತ್ತಿದೆ.