ಕಾರವಾರದ ಜಡ್ಜ್ ಸಾಹೇಬರು – ಸತ್ಯೇಂದ್ರನಾಥ ಠಾಗೋರ್



ಅಂಕೋಲೆಯಿಂದ ಬಸ್ಸು ಹತ್ತಿ ಕಾರವಾರಕ್ಕೆ ಹೋದವರೆಲ್ಲ ಅಲ್ಲಿಯ ಕಡಲತೀರ ನೋಡಿಯೇ ಇರುತ್ತೀರಿ. ಅದಕ್ಕೆ ಕವಿ ರವೀಂದ್ರನಾಥ ಠಾಗೋರರ ಹೆಸರಿದೆ. ಬಂಗಾಳದ ಕವಿ ಇಷ್ಟು ದೂರ ಯಾಕೆ ಬಂದ್ರು? ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ಅದಕ್ಕೇ. ಆ ಅಣ್ಣನ ಕಥೆ ಇದು.

ಸತ್ಯೇಂದ್ರನಾಥರು ಹುಟ್ಟಿದ್ದು 1842ರ ಜೂನ್ 1ರಂದು, ಕಲಕತ್ತೆಯಲ್ಲಿ. ಆಗ ದೊಡ್ಡ ಸರಕಾರಿ ಹುದ್ದೆಗಳೆಲ್ಲ ಇಂಗ್ಲಿಷರ ಕೈಯಲ್ಲಿದ್ದವು. ಐ.ಸಿ.ಎಸ್. ಪರೀಕ್ಷೆ ನಡೀತಿದ್ದದ್ದು ಲಂಡನ್ನಿನಲ್ಲಿ. ಇವರು ಹಡಗು ಹತ್ತಿ ಹೋಗಿ, 1863ರಲ್ಲಿ ಆಯ್ಕೆಯಾದರು. ಭಾರತೀಯರಲ್ಲಿ ಇವರೇ ಮೊದಲಿಗರು! ಮರುವರ್ಷ ಮುಂಬಯಿ ಪ್ರಾಂತ್ಯಕ್ಕೆ ಬಂದರು. ಪರದೆಯೊಳಗೇ ಇದ್ದ ಹೆಂಡತಿ ಜ್ಞಾನದಾನಂದಿನಿ ದೇವಿಯವರನ್ನೂ ಜೊತೆಗೆ ಕರೆತಂದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ನೌಕರಿ ಸಿಕ್ತು ಅಂತ ಅವರು ಬರೆಯೋದನ್ನು ಬಿಡಲಿಲ್ಲ. ಆಗಿನ್ನೂ ಸಿನಿಮಾ ಇರಲಿಲ್ಲ, ನಾಟಕವೇ ಎಲ್ಲ. 1867ರಲ್ಲಿ ಶೇಕ್ಸ್‌ಪಿಯರನ ‘ಸಿಂಬೆಲಿನ್’ ನಾಟಕದ ಆಧಾರದಿಂದ ಬಂಗಾಳಿಯಲ್ಲಿ ‘ಸುಶೀಲಾ–ವೀರಸಿಂಹ’ ಎಂಬ ನಾಟಕ ಬರೆದರು. ಮರಾಠಿ ಕಲಿತು ತುಕಾರಾಮರ ಅಭಂಗಗಳನ್ನು ಬಂಗಾಳಿಗೆ ತಂದರು. ಹಗಲೆಲ್ಲ ಕೋರ್ಟು, ಬಿಡುವಿದ್ದಾಗ ಬರವಣಿಗೆ. ನಮಗನಿಸುತ್ತೆ, ಎರಡೂ ಕೆಲಸಕ್ಕೆ ಬೇಕಾದದ್ದು ಒಂದೇ ಗುಣ. ನ್ಯಾಯಾಧೀಶ ಎರಡೂ ಕಡೆಯವರ ಮಾತು ಕೇಳಬೇಕು. ನಾಟಕ ಬರೆಯುವವನೂ ಪ್ರತಿಯೊಂದು ಪಾತ್ರದ ಮಾತು ಕೇಳಬೇಕು.

ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿಯೇ ಇವರು ಕಾರವಾರಕ್ಕೆ ಬರುವಂತಾಯ್ತು. 1883ರಲ್ಲಿ ಅವರ ಮನೆಗೆ ತಮ್ಮ ರವೀಂದ್ರ ಬಂದರು. ಆಗಿನ್ನೂ 22ರ ಹುಡುಗ, ಅಣ್ಣನಿಗಿಂತ 19 ವರ್ಷ ಚಿಕ್ಕವರು. ಗಾಳಿಮರಗಳ ತೀರ, ಬೆಳದಿಂಗಳಲ್ಲಿ ಕಾಳಿ ನದಿಯ ದೋಣಿ ಪ್ರಯಾಣ, ಇವೆಲ್ಲ ಅವರ ಮನಸ್ಸಲ್ಲಿ ಉಳಿದವು. ಇಲ್ಲೇ ಅವರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಲೋಕವನ್ನೇ ಬಿಟ್ಟೆ ಎಂದುಕೊಂಡ ಸನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆಯುತ್ತದೆ. ಅವನು ತಿರುಗಿ ಬರುವಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ. 1884ರಲ್ಲಿ ಅದು ಅಚ್ಚಾಯಿತು.

ಸತ್ಯೇಂದ್ರನಾಥರು 1897ರಲ್ಲಿ ಸಾತಾರೆಯಲ್ಲಿ ಜಡ್ಜ್ ಆಗಿದ್ದಾಗ ನಿವೃತ್ತರಾದರು. ಸುಮಾರು ಮೂವತ್ತು ವರ್ಷದ ನೌಕರಿ! ಆಮೇಲೂ ಬರೆದರು. 1901ರಲ್ಲಿ ಬೌದ್ಧಧರ್ಮದ ಬಗ್ಗೆ ಪುಸ್ತಕ, 1915ರಲ್ಲಿ ತಮ್ಮ ಬಾಲ್ಯ ಮತ್ತು ಮುಂಬಯಿ ಪ್ರಾಂತ್ಯದ ದಿನಗಳ ನೆನಪಿನ ಪುಸ್ತಕ. 1923ರ ಜನವರಿ 9ರಂದು ತೀರಿಕೊಂಡರು.

ತಮ್ಮನ ಹೆಸರು ಜಗತ್ತಿಗೇ ಗೊತ್ತು. ಅಣ್ಣನನ್ನು ನಾವು ಮರೆತೇಬಿಟ್ಟಿದ್ದೇವೆ. ಆದರೆ ಅಣ್ಣನ ನೌಕರಿ ಇಲ್ಲದಿದ್ದರೆ ಕವಿಗೆ ಕಾರವಾರವೂ ಇಲ್ಲ, ಆ ನಾಟಕವೂ ಇಲ್ಲ.

ನಮ್ಮಲ್ಲೂ ಕೆಲವರಿಗೆ ಕಥೆ, ನಾಟಕ ಬರೆಯೋ ಹುಚ್ಚಿದೆ. ಹೊಟ್ಟೆಗೆ ಹಿಟ್ಟು ಮೊದಲು ಅಂತ ಮನೆಯಲ್ಲಿ ಬೈತಾರೆ. ಅದೂ ಸುಳ್ಳಲ್ಲ. ಚೆನ್ನಾಗಿ ಓದೋಣ, ಬರೆಯೋದನ್ನೂ ಬಿಡೋದು ಬೇಡ. ಮುಂದಿನ ಸಲ ಕಾರವಾರದ ತೀರಕ್ಕೆ ಹೋದಾಗ ತಮ್ಮನ ಜೊತೆಗೆ ಅಣ್ಣನನ್ನೂ ನೆನೆಯೋಣ.