ರೊಟ್ಟಿ ಬೇಯಿಸಿದ, ಚಿತ್ರ ಬರೆದ ಸಂತ: ಬೊಲೊನ್ಯಾದ ಕ್ಯಾಥರಿನ್

ಇಟಲಿಗೆ ಯಾತ್ರೆ ಹೋಗುವವರು ರೋಮ್, ಅಸಿಸಿ, ಪಾದುವಾಗಳನ್ನು ತಪ್ಪಿಸುವುದಿಲ್ಲ. ನಡುವೆ ಸಿಗುವ ಬೊಲೊನ್ಯಾದಲ್ಲೂ ಒಂದು ದಿನ ಇಳಿಯಬೇಕು. ಕಲೆಗೂ ಊಟಕ್ಕೂ ಹೆಸರಾದ ಊರದು. ಅಲ್ಲಿನ ಕೊರ್ಪುಸ್ ದೊಮಿನಿ ದೇವಾಲಯದ ಪಕ್ಕದ ಕಿರು ಪ್ರಾರ್ಥನಾಲಯದಲ್ಲಿ ಧರ್ಮಭಗಿನಿಯೊಬ್ಬರು ಕುರ್ಚಿಯಲ್ಲಿ ಕುಳಿತಿದ್ದಾರೆ. ಅವರು ತೀರಿಕೊಂಡದ್ದು 1463ರ ಮಾರ್ಚ್ 9ರಂದು!

ಕ್ಯಾಥರಿನ್ 1413ರಲ್ಲಿ ಇದೇ ಊರಿನಲ್ಲಿ ಹುಟ್ಟಿದರು. ತಂದೆ ಜೊವಾನ್ನಿ ವಿಗ್ರಿ ಫೆರಾರಾ ಅರಸು ಮನೆತನದ ಸೇವೆಯಲ್ಲಿದ್ದುದರಿಂದ ಬಾಲಕಿ ರಾಜಕುವರಿ ಮಾರ್ಗರಿತಾಳ ಸಂಗಾತಿಯಾಗಿ ಅರಮನೆಯಲ್ಲಿ ಬೆಳೆದರು. ಲತೀನ್, ಸಂಗೀತ, ಚಿತ್ರಕಲೆ ಎಲ್ಲ ಕಲಿತರು. ಆದರೆ ಹದಿನಾಲ್ಕರ ಆಸುಪಾಸಿನಲ್ಲೇ ಆ ವೈಭವ ಬಿಟ್ಟು ಫೆರಾರಾದ ಭಕ್ತ ಸ್ತ್ರೀಯರ ಕೂಟವೊಂದನ್ನು ಸೇರಿದರು. ಮುಂದೆ ಆ ಕೂಟವೇ ಸಂತ ಕ್ಲಾರಾಳ ನಿಯಮವನ್ನು ಸ್ವೀಕರಿಸಿತು.

ಮಠದಲ್ಲಿ ಅವರಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ, ರೊಟ್ಟಿ ಬೇಯಿಸುವ ಕೆಲಸ. ಒಮ್ಮೆ ರೊಟ್ಟಿಯನ್ನು ಒಲೆಗಿಟ್ಟು, ಶಿಲುಬೆಯ ಗುರುತು ಮಾಡಿ, ಪ್ರವಚನ ಕೇಳಲು ಹೋದರಂತೆ. ಪ್ರವಚನ ಗಂಟೆಗಟ್ಟಲೆ ನಡೆಯಿತು (ಕೆಲವು ಪ್ರವಚನಗಳು ಹಾಗೆಯೇ). ಮರಳಿ ಬಂದಾಗ ಕರಿದಾಗಿರಬೇಕಿದ್ದ ರೊಟ್ಟಿ ಹದವಾಗಿ ಬೆಂದಿತ್ತು ಎಂಬುದು ಪ್ರತೀತಿ.

ಆದರೆ ಆ ವರ್ಷಗಳು ಸುಖದವಲ್ಲ. ಮಾತೆ ಮರಿಯಳ, ಶಿಲುಬೆಗೇರಿದ ಯೇಸುವಿನ ದರ್ಶನವೆಂದು ನಂಬಿದ್ದು ಸೈತಾನನ ಮೋಸವೆಂದು ಬಳಿಕ ಅವರಿಗೆ ತಿಳಿಯಿತು. ಪರಮ ಪ್ರಸಾದದಲ್ಲಿ ಕ್ರಿಸ್ತರು ನಿಜವಾಗಿ ಇದ್ದಾರೆಯೇ ಎಂಬ ಸಂಶಯವೂ ಕಾಡಿತು. ಪೂಜೆಗೆ ಹೋಗುವುದೇ ಯಾತನೆಯಾಯಿತು. ಆದರೂ ಬಿಡದೆ ಹೋದರು. ಕೊನೆಗೆ ಪ್ರಾರ್ಥನೆಯಲ್ಲೇ ಸಂಶಯ ಕರಗಿತು. ಈ ಹೋರಾಟವನ್ನು 'ಏಳು ಆಧ್ಯಾತ್ಮಿಕ ಆಯುಧಗಳು' ಎಂಬ ಪುಸ್ತಕದಲ್ಲಿ ಬರೆದರು. ಬರೆದದ್ದನ್ನು ಯಾರಿಗೂ ತೋರಿಸದೆ, ಮರಣ ಸಮೀಪಿಸಿದಾಗಷ್ಟೇ ಹೊರಗೆ ಕೊಟ್ಟರು. ಸಂತರೆಂದರೆ ಹುಟ್ಟಿನಿಂದಲೇ ಸಂಶಯವಿಲ್ಲದವರು ಎಂದುಕೊಂಡವರು ಇದನ್ನು ಗಮನಿಸಬೇಕು.

1456ರಲ್ಲಿ ಬೊಲೊನ್ಯಾದಲ್ಲಿ ಹೊಸ ಮಠ ಸ್ಥಾಪಿಸಲು ಮರಳಿದ ಅವರು ಅದರ ಮಠಾಧ್ಯಕ್ಷೆಯಾದರು. ಅಲ್ಲೂ ಕುಂಚ ಬಿಡಲಿಲ್ಲ. ಅವರೇ ಬರೆದು ಚಿತ್ರಿಸಿದ ಪ್ರಾರ್ಥನಾ ಪುಸ್ತಕ ಇಂದಿಗೂ ಉಳಿದಿದೆ.

ಪೆಟ್ಟಿಗೆಯಿಲ್ಲದೆ ಹೂಳಿದ್ದ ದೇಹವನ್ನು 18 ದಿನಗಳ ಬಳಿಕ ಹೊರತೆಗೆದಾಗ ಅದು ಕೆಟ್ಟಿರಲಿಲ್ಲವೆಂದು ಅವರ ಸಂಗಾತಿ ಇಲ್ಲುಮಿನಾತಾ ಬೆಂಬೊ ಬರೆದಿಟ್ಟಿದ್ದಾರೆ. ಪೋಪ್ 11ನೇ ಕ್ಲೆಮೆಂಟ್ 1712ರಲ್ಲಿ ಅವರಿಗೆ ಸಂತ ಪದವಿ ನೀಡಿದರು. ಕಲಾವಿದರ ಪಾಲಕಿ ಅವರು. ಮುಖ, ಕೈಗಳು ಕಾಲಕ್ರಮೇಣ ಕಪ್ಪಾಗಿವೆ. ಅವರು ನುಡಿಸುತ್ತಿದ್ದ ಪುಟ್ಟ ತಂತಿವಾದ್ಯವನ್ನೂ ಮಠದ ಭಗಿನಿಯರು ಜೋಪಾನ ಮಾಡಿಕೊಂಡು ಬಂದಿದ್ದಾರೆ.