ಒದೆಯದ ಬಂದೂಕು

ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ಬೆಂಡುಬತ್ತಾಸು, ಬಳೆ, ಆಟಿಕೆಗಳ ಸಾಲಿನ ನಡುವೆ ಬಲೂನು ಹೊಡೆಯುವ ಅಂಗಡಿಯೊಂದು ಇದ್ದೇ ಇರುತ್ತದೆ. ಹಲಗೆಗೆ ಸಾಲಾಗಿ ಕಟ್ಟಿದ ಬಲೂನುಗಳು. ಎದುರಿಗೆ ಮೇಜಿನ ಮೇಲೆ ಹಿಡಿ ಸವೆದುಹೋದ ಒಂದು ಗಾಳಿಬಂದೂಕು. ಕೆಲವು ವರ್ಷಗಳ ಹಿಂದೆ ಆ ಅಂಗಡಿಯ ಮುಂದೆ ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು, ಬಸವಕಲ್ಯಾಣದ ಕಡೆಯ ಹುಡುಗಿ, ಹತ್ತು ಹೊಡೆತಕ್ಕೆ ಹತ್ತು ಬಲೂನುಗಳನ್ನು ಒಡೆದುದನ್ನು ಕಂಡೆನು. ಜೊತೆಯಲ್ಲಿದ್ದ ಹುಡುಗರಿಗೆ ಅದು ಸಹನೆಯಾಗಲಿಲ್ಲ. ಇದು ಒದೆಯದ ಬಂದೂಕು, ನಿಜವಾದುದಾಗಿದ್ದರೆ ಮೊದಲ ಹೊಡೆತಕ್ಕೇ ನಿನ್ನ ಭುಜ ಕಳಚಿ ಬೀಳುತ್ತಿತ್ತು ಎಂದು ಅವರಲ್ಲೊಬ್ಬನು ಅಣಕಿಸಿದನು. ಹುಡುಗಿ ಬಂದೂಕನ್ನು ಮೇಜಿನ ಮೇಲಿಟ್ಟು ಸುಮ್ಮನಾದಳು.

ಆ ಹುಡುಗನ ಮಾತು ಹೊಸದೇನೂ ಆಗಿರಲಿಲ್ಲ. 1885ನೆಯ ಇಸವಿಯಲ್ಲಿ ಅಮೆರಿಕದ ಪ್ರಖ್ಯಾತ ಪ್ರದರ್ಶನ ಮಂಡಲಿಯೊಂದರ ಒಡೆಯರು ಒಬ್ಬ ಹೆಂಗಸಿನ ಬಗೆಗೆ ಇದೇ ಸಂಶಯವನ್ನು ತಾಳಿದ್ದರು. ಆ ಹೆಂಗಸು ಆನಿ ಓಕ್ಲಿ. ಗುರಿಕಾರಿಕೆಯ ಚರಿತ್ರೆಯಲ್ಲಿ ಆಕೆಯಷ್ಟು ಹೆಸರಾದ ಇನ್ನೊಬ್ಬ ಸ್ತ್ರೀ ಇಲ್ಲ.

ಆಕೆಯ ಕಥೆಗೆ ಮುನ್ನ ಬಂದೂಕಿನ ಒದೆತದ ವಿಷಯವಾಗಿ ನಾಲ್ಕು ಮಾತು ಅಗತ್ಯ. ಮದ್ದು ಉರಿದು ಸೀಸ ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಸರಿಯಲೇಬೇಕು. ಇದು ನ್ಯೂಟನ್ನನ ನಿಯಮ. ಸೀಸದ ತೂಕವೂ ವೇಗವೂ ಹೆಚ್ಚಿದಂತೆ ಒದೆತ ಹೆಚ್ಚುತ್ತದೆ. ಬಂದೂಕು ಭಾರವಾದಷ್ಟೂ ಕಡಿಮೆಯಾಗುತ್ತದೆ. ಬೇಟೆಗಾರನು ದಿನಕ್ಕೆ ನಾಲ್ಕಾರು ಸಲ ಹೊಡೆದು ಮನೆಗೆ ಬರುತ್ತಾನೆ. ಹಾರುವ ಗುರಿಗಳಿಗೆ ಹೊಡೆಯುವ ಆಟಗಾರನಾದರೋ ನೂರಾರು ಸಲ ಹೊಡೆಯಬೇಕು. ಭುಜ ಕಂದುವುದು ಅಲ್ಪದ ಮಾತು. ಮುಂದೆ ಬರಲಿರುವ ಪೆಟ್ಟನ್ನು ನೆನೆದು, ಕುದುರೆಯನ್ನು ಎಳೆಯುವ ಮೊದಲೇ ಕಣ್ಣು ಮುಚ್ಚಿಹೋಗುವುದೇ ದೊಡ್ಡ ಕೇಡು. ಒಮ್ಮೆ ಹತ್ತಿದ ಈ ಬೆದರು ಬಿಡುವುದು ಕಷ್ಟ.

ಆದುದರಿಂದಲೇ ಈ ಆಟದಲ್ಲಿ ಹಗುರವಾದ ತೋಟಾಗಳಿಗೆ ಬೆಲೆಯುಂಟು. 12 ಬೋರಿನ ಸಾಮಾನ್ಯ ತೋಟಾ ಇಂದು ಎರಡೂಮುಕ್ಕಾಲು ಅಂಗುಲ ಉದ್ದ. ಮೆಕ್ಸಿಕೋ ದೇಶದಲ್ಲಿ ತಯಾರಾಗುವ ಗಿಡ್ಡ ತೋಟಾ ಒಂದೂಮುಕ್ಕಾಲು ಅಂಗುಲ ಮಾತ್ರ. ಅದರೊಳಗೆ ಮದ್ದು, ಸೀಸ ಎರಡೂ ಕಡಿಮೆ, ಒದೆತವೂ ಕಡಿಮೆ. ನಳಿಗೆಯನ್ನು ಬಾಗಿಸಿ ಕೈಯಿಂದ ತುಂಬುವ ಜೋಡುನಳಿಗೆಯ ಬಂದೂಕಿಗೆ ಇದು ತೊಡಕಿಲ್ಲದೆ ಒಗ್ಗುತ್ತದೆ. ಯಂತ್ರವೇ ತೋಟಾವನ್ನು ಒಳಕ್ಕೆ ಎಳೆದುಕೊಳ್ಳುವ ಬಗೆಯವುಗಳಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಹೊಸಬರಿಗೆ, ಸಣ್ಣ ಮೈಯವರಿಗೆ, ನೋವುಂಡ ಭುಜದವರಿಗೆ ಇದು ಉಪಕಾರಿ. ಒಲಿಂಪಿಕ್ ಸ್ಪರ್ಧೆಯಲ್ಲಿಯೂ ತೋಟಾದ ಸೀಸ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು ಈಗ 24 ಗ್ರಾಮಿಗೆ ನಿಂತಿದೆ. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಆದರೂ ಹಗುರ ತೋಟಾ ಹಿಡಿದವರನ್ನು ಕಂಡು ಮೂಗು ಮುರಿಯುವ ಪದ್ಧತಿ ಹೋಗಿಲ್ಲ. ಆನಿ ಓಕ್ಲಿಯ ಕಾಲಕ್ಕೆ ಈ ಗಿಡ್ಡ ತೋಟಾ ಹುಟ್ಟಿರಲಿಲ್ಲ. ಆದರೆ ಮೈಗೆ ತಕ್ಕ ಬಂದೂಕು, ಬಂದೂಕಿಗೆ ತಕ್ಕ ಮದ್ದು ಎಂಬುದನ್ನು ಲೋಕದೆದುರು ಸಾಧಿಸಿ ತೋರಿಸಿದವರಲ್ಲಿ ಆಕೆಯದು ಮೊದಲ ಹೆಸರು.

1860ನೆಯ ಇಸವಿ ಆಗಸ್ಟ್ 13ರಂದು ಒಹಾಯೋ ಸಂಸ್ಥಾನದ ಡಾರ್ಕ್ ಜಿಲ್ಲೆಯ ಮರದ ದಿಮ್ಮಿಗಳ ಗುಡಿಸಲೊಂದರಲ್ಲಿ ಆಕೆ ಹುಟ್ಟಿದಳು. ಫೀಬಿ ಆನ್ ಎಂಬುದು ಹೆತ್ತವರಿಟ್ಟ ಹೆಸರು. ತಂದೆ ಜೇಕಬ್ ಹಿಮದ ಬಿರುಗಾಳಿಗೆ ಸಿಕ್ಕಿ ಮೈ ಸೆಡೆತು, ಕೆಲವು ತಿಂಗಳು ನರಳಿ, 1866ರಲ್ಲಿ ತೀರಿಕೊಂಡನು. ತಾಯಿ ಸೂಸನ್ನಳ ಮಡಿಲಲ್ಲಿ ಸಾಲುಮಕ್ಕಳು. ಬಾಲೆ ಮೊದಲು ಬಲೆ ಒಡ್ಡಿ ಹಕ್ಕಿ ಹಿಡಿದಳು. ಎಂಟನೆಯ ವಯಸ್ಸಿಗೆ ಗೋಡೆಯ ಮೇಲಿನ ತಂದೆಯ ಬಂದೂಕನ್ನು ಕುರ್ಚಿ ಹತ್ತಿ ಇಳಿಸಿಕೊಂಡು, ಜಗಲಿಯ ಕಟಕಟೆಯ ಮೇಲಿಟ್ಟು, ಬೇಲಿಯ ಮೇಲೆ ಕುಳಿತಿದ್ದ ಅಳಿಲಿನ ತಲೆಗೆ ಹೊಡೆದಳು. ತಾಯಿ ಹೆದರಿ ಎಷ್ಟೋ ತಿಂಗಳು ಅದನ್ನು ಮುಟ್ಟಗೊಡಲಿಲ್ಲ. ತಮ್ಮನು ಇವಳ ಹುಚ್ಚು ಬಿಡಿಸಬೇಕೆಂದು ಬಂದೂಕಿಗೆ ಇಮ್ಮಡಿ ಮದ್ದು ತುಂಬಿ ಕೊಟ್ಟನೆಂದೂ ಒಂದು ಕಥೆ ಹಬ್ಬಿದೆ. ಕಥೆ ನಿಜವೋ ಕಟ್ಟೋ, ಹೆಣ್ಣುಮಗಳನ್ನು ಬಂದೂಕಿನಿಂದ ದೂರವಿಡಲು ಒದೆತವೇ ಸಾಕೆಂಬ ನಂಬಿಕೆಯಂತೂ ಅದರಲ್ಲಿದೆ.

ಮುಂದಿನ ಕೆಲವು ವರ್ಷಗಳನ್ನು ಓದುವುದು ಕಷ್ಟ. ಹತ್ತರ ಸುಮಾರಿನಲ್ಲಿ ಆಕೆಯನ್ನು ಜಿಲ್ಲೆಯ ಅನಾಥಾಲಯಕ್ಕೆ ಸೇರಿಸಿದರು. ದಿಕ್ಕಿಲ್ಲದ ಮುದುಕರು, ಬುದ್ಧಿ ಕೆಟ್ಟವರು, ತಬ್ಬಲಿಗಳು ಎಲ್ಲರೂ ಅಲ್ಲಿ ಒಂದೇ ಸೂರಿನಡಿ. ಅಲ್ಲಿಂದ ಒಂದು ಸಂಸಾರದವರು ಮಗುವನ್ನು ನೋಡಿಕೊಳ್ಳಲೆಂದು ಕರೆದೊಯ್ದರು. ಕೂಲಿ, ಓದು ಎರಡನ್ನೂ ಕೊಡುವೆವೆಂದವರು ಕೊಟ್ಟುದು ಏಟು. ಹೊಲಿಗೆಯ ಮೇಲೆ ತೂಕಡಿಸಿದಳೆಂಬ ತಪ್ಪಿಗೆ ಮನೆಯೊಡತಿ ಬರಿಗಾಲಿನ ಹುಡುಗಿಯನ್ನು ಹಿಮದೊಳಕ್ಕೆ ನೂಕಿ ಬಾಗಿಲು ಹಾಕಿದಳು. ಸುಮಾರು ಎರಡು ವರ್ಷ ಇದನ್ನು ಸಹಿಸಿ ಆನಿ ಓಡಿಹೋದಳು. ಆ ಸಂಸಾರದ ಹೆಸರನ್ನು ಆಕೆ ಕೊನೆಯವರೆಗೂ ಹೇಳಲಿಲ್ಲ; ತೋಳಗಳೆಂದು ಮಾತ್ರ ಕರೆದಳು. ಏಟು ತಿಂದು ಬೆಳೆದವಳು ತನ್ನನ್ನು ಒದೆಯುವ ವಸ್ತುವನ್ನು ಸಹಿಸದಿದ್ದುದರಲ್ಲಿ ಆಶ್ಚರ್ಯವಿಲ್ಲವೆಂದು ನನಗೆ ತೋರುತ್ತದೆ. ಇದು ನನ್ನ ಊಹೆ. ಚರಿತ್ರೆಕಾರರ ಮೇಲೆ ಇದರ ಹೊರೆಯಿಲ್ಲ.

ತಾಯಿಯ ಮನೆಗೆ ಹಿಂದಿರುಗಿದ ಮೇಲೆ ಬೇಟೆಯೇ ಆಕೆಯ ಕಾಯಕವಾಯಿತು. ಹೊಡೆದ ಹಕ್ಕಿಗಳನ್ನು ಗ್ರೀನ್‌ವಿಲ್ ಪಟ್ಟಣದ ಅಂಗಡಿಗೂ ಅಲ್ಲಿಂದ ದೂರದ ಹೋಟೆಲುಗಳಿಗೂ ಮಾರಿದಳು. ಹದಿನೈದನೆಯ ವಯಸ್ಸಿಗೆ ತಾಯಿಯ ಜಮೀನಿನ ಮೇಲಿದ್ದ ಸಾಲವನ್ನು ತೀರಿಸಿದಳು.

ಫ್ರಾಂಕ್ ಬಟ್ಲರನೊಡನೆ ನಡೆದ ಪಂದ್ಯ ಎಲ್ಲರೂ ಬಲ್ಲ ಕಥೆ. ಆತ ಐರ್ಲೆಂಡಿನಿಂದ ಬಂದ ವೃತ್ತಿಗುರಿಕಾರ. ಸಿನ್ಸಿನಾಟಿಯ ಬಳಿ ಯಾವ ಊರಿನವನು ಬಂದರೂ ಎದುರಿಸುವೆನೆಂದು ಪಣ ಒಡ್ಡಿದ್ದ ಅವನ ಮುಂದೆ ಐದಡಿ ಎತ್ತರದ ಹುಡುಗಿ ಬಂದು ನಿಂತಳು. ಅವನು ಕೊನೆಯ ಹಕ್ಕಿಯನ್ನು ತಪ್ಪಿದನು. ಆಕೆ ಇಪ್ಪತ್ತೈದನ್ನೂ ಹೊಡೆದಳು. ಇದು 1875ರಲ್ಲಿ ನಡೆಯಿತೆಂದು ಕೆಲವರು, 1881ರಲ್ಲೆಂದು ಕೆಲವರು ವಾದಿಸುತ್ತಾರೆ. ವಿವಾಹದ ದಾಖಲೆ 1882ರದಾದುದರಿಂದ ಎರಡನೆಯದೇ ಸರಿಯಿರಬೇಕು. ಅದೇ ವರ್ಷದ ಮೇ ತಿಂಗಳಿನಲ್ಲಿ ಬಟ್ಲರನ ಜೊತೆಗಾರ ಕಾಯಿಲೆ ಬಿದ್ದಾಗ ಆನಿ ಅವನ ಬದಲಿಗೆ ರಂಗವನ್ನೇರಿದಳು. ಓಕ್ಲಿ ಎಂಬ ಹೆಸರನ್ನು ತಾನೇ ಆರಿಸಿಕೊಂಡಳು. ಬರಬರುತ್ತ ಬಟ್ಲರನು ತಾನು ಹಿಂದೆ ಸರಿದು ಹೆಂಡತಿಯ ಲೆಕ್ಕಪತ್ರ, ಬಂದೂಕು, ಪ್ರಯಾಣಗಳನ್ನು ನೋಡಿಕೊಳ್ಳುವವನಾದನು. ಸೋತ ಗಂಡಸು ಸೋಲನ್ನೇ ಸಂಸಾರದ ಬುನಾದಿ ಮಾಡಿಕೊಂಡ ಉದಾಹರಣೆ ನಮ್ಮ ಕಾವ್ಯಗಳಲ್ಲಿಯೂ ವಿರಳ.

ಈ ಪಂದ್ಯದ ಕಾಲಕ್ಕೆ ಆಟದ ಗುರಿಯೇ ಬದಲಾಗುತ್ತಿತ್ತು. ಮೊದಲು ಪೆಟ್ಟಿಗೆಯಿಂದ ಜೀವಂತ ಪಾರಿವಾಳಗಳನ್ನು ಬಿಟ್ಟು ಹೊಡೆಯುತ್ತಿದ್ದರು. ಅನಂತರ ಗಾಜಿನ ಗುಂಡುಗಳು ಬಂದವು. ಒಡೆದಾಗ ಹಕ್ಕಿಯೇ ಬಿದ್ದಂತೆ ತೋರಲೆಂದು ಕೆಲವದರೊಳಗೆ ಪುಕ್ಕ ತುಂಬುತ್ತಿದ್ದರು. 1880ರಲ್ಲಿ ಅದೇ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಎಂಬಾತ ತಟ್ಟೆಯಂತೆ ತಿರುಗುತ್ತ ಹಾರುವ ಸುಟ್ಟ ಮಣ್ಣಿನ ಬಿಲ್ಲೆಯನ್ನು ಕಂಡುಹಿಡಿದನು. ಈಗ ಅದನ್ನು ಸುಣ್ಣಕಲ್ಲಿನ ಪುಡಿ ಮತ್ತು ರಾಳದಂತಹ ಅಂಟಿನಿಂದ ಮಾಡುತ್ತಾರೆ. ಮಣ್ಣಿನ ಪಾರಿವಾಳವೆಂಬ ಹೆಸರು ಮಾತ್ರ ಉಳಿದಿದೆ. ಒಂದೆರಡು ಕಾಳು ತಗಲಿದರೂ ಚೂರಾಗುವ ಈ ಬಿಲ್ಲೆಗೆ ಜಿಂಕೆ ಹೊಡೆಯುವ ಮದ್ದು ಏಕೆ ಬೇಕು?

1885ರಲ್ಲಿ ಬಫಲೋ ಬಿಲ್ ಎಂದು ಹೆಸರಾದ ವಿಲಿಯಂ ಕೋಡಿಯ ಪ್ರದರ್ಶನ ಮಂಡಲಿಯಿಂದ ಬೊಗಾರ್ಡಸ್ ಎಂಬ ಪ್ರಸಿದ್ಧ ಗುರಿಕಾರನು ಹೊರಬಿದ್ದನು. ಆ ಸ್ಥಾನವನ್ನು ಆನಿ ಕೇಳಿದಳು. ಬೊಗಾರ್ಡಸನ ಬಂದೂಕುಗಳು ಹತ್ತು ಪೌಂಡು ತೂಗುತ್ತಿದ್ದವು; ಆನಿಯ ತೂಕವೇ ನೂರು ಪೌಂಡಿನ ಆಸುಪಾಸು. ದಿನದಿನವೂ ಒದೆತ ತಿನ್ನುವ ಶಕ್ತಿ ಈ ಪುಟ್ಟ ಮೈಗೆಲ್ಲಿಯದೆಂದು ಕೋಡಿ ಹಿಂಜರಿದನು. ಆಕೆ ಇದಕ್ಕೆ ಕೊಟ್ಟ ಉತ್ತರ ಲೆಕ್ಕದ ಉತ್ತರ. 16 ಬೋರಿನ ಮೂರು ಬಂದೂಕುಗಳನ್ನು ತಾನೇ ತುಂಬಿಕೊಳ್ಳುತ್ತ, ಒಂಬತ್ತು ಗಂಟೆಗಳ ಕಾಲ ನಿಂತು, ಐದು ಸಾವಿರ ಗಾಜಿನ ಗುಂಡುಗಳಲ್ಲಿ 4,772ನ್ನು ಆಕೆ ಒಡೆದಿದ್ದಳು. ಭುಜ ಕಳಚಲಿಲ್ಲ. 16 ಬೋರಿನ ತೋಟಾ 12 ಬೋರಿನದಕ್ಕಿಂತ ಸಣ್ಣದು, ಅದರಲ್ಲಿ ಹಿಡಿಯುವ ಸೀಸವೂ ಕಡಿಮೆ ಎಂಬುದನ್ನು ವಾಚಕರು ಗಮನಿಸಬೇಕು. ಲೂಯಿವಿಲ್ ನಗರದಲ್ಲಿ ಆಕೆಯ ಅಭ್ಯಾಸವನ್ನು ಕಂಡ ಮಂಡಲಿಯವರು ಕೂಡಲೇ ಸೇರಿಸಿಕೊಂಡರು. ಅಲ್ಲಿ ಆಕೆ ಹದಿನಾರು ವರ್ಷದಷ್ಟು ಕಾಲ, ನಡುವೆ ಕೊಂಚ ಬಿಡುವಿನೊಡನೆ, ಇದ್ದಳು. ಸೂ ಬುಡಕಟ್ಟಿನ ನಾಯಕ ಸಿಟಿಂಗ್ ಬುಲ್ ಆಕೆಯನ್ನು ಮಗಳೆಂದು ಬಗೆದು, ಗುರಿ ತಪ್ಪದ ಪುಟ್ಟವಳೆಂಬ ಅರ್ಥದ ಹೆಸರಿಟ್ಟನು.

1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ಉತ್ಸವ. ಮಂಡಲಿ ಲಂಡನ್ನಿಗೆ ಹೋಯಿತು. ರಾಣಿಯೂ ಬಂದು ನೋಡಿದಳು. ನಮ್ಮ ಕಥೆಗೆ ಮುಖ್ಯವಾದುದು ರಾಣಿಯ ಭೇಟಿಗಿಂತ ಬಂದೂಕು ತಯಾರಕನೊಬ್ಬನ ಭೇಟಿ. ಇಂಗ್ಲೆಂಡಿನ ಚುರುಕು ಪಾರಿವಾಳಗಳ ಮುಂದೆ ಆನಿ ಮೊದಲ ದಿನ ಇಪ್ಪತ್ತರಲ್ಲಿ ಐದನ್ನು ಮಾತ್ರ ಹೊಡೆದಳೆಂದು ಹೇಳುತ್ತಾರೆ. ಚಾರ್ಲ್ಸ್ ಲಂಕಾಸ್ಟರ್ ಎಂಬ ಹೆಸರಿನ ಅಂಗಡಿಯವನು ಅದನ್ನು ಕಂಡು, ತಪ್ಪು ಕಣ್ಣಿನದಲ್ಲ, ಏಳೂವರೆ ಪೌಂಡಿನ ಬಂದೂಕಿನದೆಂದು ತೀರ್ಮಾನಿಸಿದನು. ದರ್ಜಿ ಅಂಗಿಗೆ ಅಳತೆ ತೆಗೆಯುವಂತೆ ಆಕೆಯ ತೋಳು, ಕತ್ತು, ಭುಜಗಳ ಅಳತೆ ತೆಗೆದು, 20 ಬೋರಿನ ಜೋಡುನಳಿಗೆಯ ಬಂದೂಕುಗಳನ್ನು ಮಾಡಿಕೊಟ್ಟನು. ಒಂದೊಂದರ ತೂಕ ಐದು ಪೌಂಡು ಎರಡು ಔನ್ಸು.

ಇಲ್ಲೊಂದು ಸೂಕ್ಷ್ಮವುಂಟು. ಬಂದೂಕು ಹಗುರವಾದರೆ ಅದೇ ಮದ್ದಿಗೆ ಒದೆತ ಹೆಚ್ಚಬೇಕಷ್ಟೆ. ಆದುದರಿಂದ ಹಗುರ ಬಂದೂಕು ಹಿಡಿದವರು ಮದ್ದು ಸೀಸಗಳನ್ನೂ ಇಳಿಸಲೇಬೇಕು. ಸೀಸ ಕಡಿಮೆಯಾದರೆ ಕಾಳುಗಳ ಹರಹು ತೆಳುವಾಗುತ್ತದೆ. ತಪ್ಪಿಗೆ ಎಡೆ ಕಿರಿದಾಗುತ್ತದೆ. ಒದೆತವನ್ನು ಇಳಿಸಿಕೊಂಡವರು ಗುರಿಯನ್ನು ಇನ್ನಷ್ಟು ನೇರವಾಗಿ ಹಿಡಿದು ಅದರ ಬೆಲೆ ತೆರಬೇಕು. ಹಗುರ ತೋಟಾ ಸುಲಭದ ದಾರಿಯೆಂದು ಅಣಕಿಸುವವರು ಈ ಲೆಕ್ಕವನ್ನು ಮರೆಯುತ್ತಾರೆ. ಕಲ್ಯಾಣದ ನೆಲದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಮಾರಯ್ಯನನ್ನು ಹಿಂದಕ್ಕೆ ಕಳುಹಿದ ಲಕ್ಕಮ್ಮನ ಕಥೆ ನಮ್ಮ ಮನೆಮನೆಯದು. ಅಕ್ಕಿಗೂ ಸೀಸಕ್ಕೂ ಏನು ಸಂಬಂಧವೆಂದು ಯಾರಾದರೂ ನಕ್ಕರೆ ನಗಲಿ. ನನಗಂತೂ ಆನಿ ಓಕ್ಲಿಯ ಬಂದೂಕಿನ ತೂಕವನ್ನು ಓದಿದಾಗ ಲಕ್ಕಮ್ಮನ ನೆನಪೇ ಬಂದಿತು.

ಕೀರ್ತಿಯ ವರ್ಷಗಳನ್ನು ಬೇಗ ದಾಟಬಹುದು. 1889ರಲ್ಲಿ ಪ್ಯಾರಿಸ್, 1893ರಲ್ಲಿ ಷಿಕಾಗೋ, 1894ರಲ್ಲಿ ಎಡಿಸನ್ನನ ಚಲಚ್ಚಿತ್ರ. ಎಲ್ಲೆಲ್ಲಿಯೂ ಆಕೆ ಮೈತುಂಬ ಉಡುಪು ತೊಟ್ಟು, ಪ್ರದರ್ಶನಗಳ ನಡುವೆ ಡೇರೆಯಲ್ಲಿ ಕುಳಿತು ಕಸೂತಿ ಹಾಕುತ್ತಿದ್ದಳು. ಸ್ತ್ರೀಯರ ಮತದಾನದ ಚಳವಳಿಯಲ್ಲಿ ಸೇರಲಿಲ್ಲ. ಇದು ಇಂದಿನ ಅಭಿಮಾನಿಗಳಿಗೆ ಇರುಸುಮುರುಸಿನ ಸಂಗತಿ. ಆದರೆ 1898ರಲ್ಲಿ ಸ್ಪೇನಿನೊಡನೆ ಯುದ್ಧ ಒದಗಿದಾಗ ಐವತ್ತು ಮಂದಿ ಗುರಿಗಾರ್ತಿಯರನ್ನು ಅವರವರದೇ ಆಯುಧಗಳೊಡನೆ ಒದಗಿಸುವೆನೆಂದು ಅಧ್ಯಕ್ಷ ಮೆಕಿನ್ಲಿಗೆ ಬರೆದವಳೂ ಆಕೆಯೇ. ಸರಕಾರ ಒಪ್ಪಲಿಲ್ಲ.

1901ರ ಅಕ್ಟೋಬರಿನಲ್ಲಿ ಉತ್ತರ ಕ್ಯಾರೊಲೈನಾದ ಲೆಕ್ಸಿಂಗ್ಟನ್ ಬಳಿ ಮಂಡಲಿಯ ರೈಲು ಇನ್ನೊಂದು ರೈಲಿಗೆ ಡಿಕ್ಕಿ ಹೊಡೆಯಿತು. ಕುದುರೆಗಳು ರಾಶಿರಾಶಿಯಾಗಿ ಸತ್ತವು. ಆನಿಯ ಬೆನ್ನಿಗೆ ಪೆಟ್ಟಾಯಿತು. ಆಕೆ ಮಂಡಲಿಯನ್ನು ಬಿಟ್ಟಳು. ಎರಡು ವರ್ಷದ ಮೇಲೆ ಇನ್ನೊಂದು ಆಘಾತ. ಆಕೆಯ ಹೆಸರನ್ನು ಹೇಳಿಕೊಂಡ ಬೇರೊಬ್ಬ ಹೆಂಗಸು ಷಿಕಾಗೋದಲ್ಲಿ ಕಳವಿಗಾಗಿ ಸಿಕ್ಕಿಬಿದ್ದಾಗ, ಕೊಕೇನ್ ಚಟಕ್ಕೆ ಬಿದ್ದ ಆನಿ ಓಕ್ಲಿ ಕಳ್ಳಿಯಾದಳೆಂದು ಹರ್ಸ್ಟನ ಪತ್ರಿಕೆ ಅಚ್ಚು ಹಾಕಿತು. ಊರೂರ ಪತ್ರಿಕೆಗಳು ಅದನ್ನೇ ಎತ್ತಿಕೊಂಡವು. ಆಕೆ ಒಂದಲ್ಲ, 55 ದಾವೆಗಳನ್ನು ಹೂಡಿದಳು. 1910ರವರೆಗೆ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದು, ಒಂದನ್ನು ಬಿಟ್ಟು ಮಿಕ್ಕ ಎಲ್ಲದರಲ್ಲಿಯೂ ಗೆಲುವನ್ನೋ ರಾಜಿಯನ್ನೋ ಪಡೆದಳು. ಬಂದ ಹಣಕ್ಕಿಂತ ಹೋದ ಹಣವೇ ಹೆಚ್ಚೆಂದು ಹೇಳುತ್ತಾರೆ. ಹಣಕ್ಕಾಗಿ ಹೂಡಿದ ದಾವೆಗಳು ಅವಾಗಿರಲಿಲ್ಲ.

ಆಕೆಯ ಬಾಳಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಮುಪ್ಪಿನದು. 1915ರ ಹೊತ್ತಿಗೆ ಗಂಡಹೆಂಡಿರು ಉತ್ತರ ಕ್ಯಾರೊಲೈನಾದ ಪೈನ್‌ಹರ್ಸ್ಟ್ ಎಂಬಲ್ಲಿ ಚಳಿಗಾಲವನ್ನು ಕಳೆಯತೊಡಗಿದರು. ಅಲ್ಲಿ ಆನಿ ಹೆಂಗಸರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದಳು. ಬಾಳಿನುದ್ದಕ್ಕೂ ಆಕೆಯಿಂದ ಕಲಿತವರು ಹದಿನೈದು ಸಾವಿರವೆಂಬ ಎಣಿಕೆಯೂ ಉಂಟು. ಅರ್ಧ ಕಳೆದರೂ ಯಾವ ಅಧ್ಯಾಪಕನಾದರೂ ಅಸೂಯೆಪಡತಕ್ಕ ಸಂಖ್ಯೆ. ತಾನು ಬಳಸಿದ ಮದ್ದುಗಳ ವಿಷಯವಾಗಿಯೇ ಆಕೆ ಒಂದು ಕಿರುಹೊತ್ತಗೆಯನ್ನು ಬರೆದಿದ್ದಳು. ಅದೇ ಪೈನ್‌ಹರ್ಸ್ಟ್‌ನಲ್ಲಿ 1922ರಲ್ಲಿ, ಅರವತ್ತು ದಾಟಿದ ಆಕೆ, ಹದಿನಾರು ಗಜ ದೂರದಿಂದ ನೂರು ಮಣ್ಣಿನ ಪಾರಿವಾಳಗಳನ್ನು ಒಂದೂ ತಪ್ಪದೆ ಒಡೆದಳು. ಆ ವರ್ಷದ ನವೆಂಬರಿನಲ್ಲಿ ಫ್ಲಾರಿಡಾದಲ್ಲಿ ಮೋಟಾರು ಮಗುಚಿ ಸೊಂಟ ಮುರಿಯಿತು. ಮುಂದೆ ಕಾಲಿಗೆ ಉಕ್ಕಿನ ಪಟ್ಟಿ ಕಟ್ಟಿಕೊಂಡೇ ನಡೆದಳು. ಪಟ್ಟಿಯೊಡನೆಯೇ ಮತ್ತೆ ಬಂದೂಕನ್ನೆತ್ತಿದಳು.

1926ನೆಯ ಇಸವಿ ನವೆಂಬರ್ 3ರಂದು, ಒಮ್ಮೆ ಹಕ್ಕಿ ಮಾರುತ್ತಿದ್ದ ಅದೇ ಗ್ರೀನ್‌ವಿಲ್ ಪಟ್ಟಣದಲ್ಲಿ ಆಕೆ ತೀರಿಕೊಂಡಳು. ಬಟ್ಲರನು ಹದಿನೆಂಟು ದಿನ ಬದುಕಿದ್ದನು. ಇಬ್ಬರನ್ನೂ ಬ್ರಾಕ್ ಎಂಬ ಹಳ್ಳಿಯಲ್ಲಿ ಪಕ್ಕಪಕ್ಕದಲ್ಲಿ ಮಣ್ಣುಮಾಡಿದ್ದಾರೆ.

ಜಾತ್ರೆಯಾದ ಮರುವಾರ ನಾನು ಈ ಕಥೆಯನ್ನು ತರಗತಿಯಲ್ಲಿ ಹೇಳಿದೆನು. ಬಲೂನು ಹೊಡೆದ ಹುಡುಗಿ ರಾಣಿಯ ವಿಷಯವನ್ನಾಗಲಿ ನೂರಕ್ಕೆ ನೂರು ಹೊಡೆದ ವಿಷಯವನ್ನಾಗಲಿ ಕೇಳಲಿಲ್ಲ. ಗಂಟೆ ಹೊಡೆದ ಮೇಲೆ ಮೇಜಿನ ಬಳಿಗೆ ಬಂದು, ಲಂಡನ್ನಿನ ಆ ಬಂದೂಕು ಎಷ್ಟು ಕಿಲೋ ಇತ್ತೆಂದು ಕೇಳಿದಳು. ಎರಡು ಕಿಲೋ ಮುನ್ನೂರು ಗ್ರಾಮೆಂದು ಲೆಕ್ಕ ಹಾಕಿ ಹೇಳಿದೆನು. ಅದನ್ನು ನೋಟು ಪುಸ್ತಕದಲ್ಲಿ ಬರೆದುಕೊಂಡು ಹೋದಳು.